ಡ್ರಿಪ್ಪಿಗೆ ಚುಚ್ಚಿದ ಪಿನ್ನು

ನೀರು ಕಣ್ಣಿಗೇ ಕಾಣದೆ ಬೋರಲಿಂಗಯ್ಯನಿಗೆ ತಲೆ ಕೆಟ್ಟಿತ್ತು. ಸಾತನೂರಿನ ಕಡೆ ಮೂರು ವರ್ಷದಿಂದ ಮಳೆ ತನಗೆ ತೋಚಿದಾಗ ಬರುತ್ತಿತ್ತು, ಬೋರ್‌ವೆಲ್ ನೀರು ಒಂದೂವರೆ ಇಂಚಿಗೆ ಇಳಿದಿತ್ತು. ಹೆಂಡತಿ ವೆಂಕಟಲಕ್ಷ್ಮಮ್ಮ ಹಟ ಹಿಡಿದು ಹಿಪ್ಪುನೇರಳೆ ತೋಟಕ್ಕೆ ಡ್ರಿಪ್ ಹಾಕಿಸಿದಳು. ಮೂವತ್ತು ವರ್ಷ ಸನಿಕೆ ಹಿಡಿದು ಕಾಲುವೆ ನೀರಿಗೆ ದಾರಿ ತೋರಿಸಿದ ಮನುಷ್ಯ, ಈ ತೊಟ್ಟಿಕ್ಕುವುದನ್ನು ನೀರೆಂದು ಒಪ್ಪುವುದಾದರೂ ಹೇಗೆ? ಇದೇನು ಗಿಡಕ್ಕೆ ನೀರೋ, ಕಣ್ಣಿಗೆ ಬಿಡುವ ಔಷಧಿಯೋ!

ಒಂದು ಬೆಳಗ್ಗೆ, ಕಾಲಿಗೆ ಮುಳ್ಳು ಚುಚ್ಚಿದೆ ಎಂದು ಸುಳ್ಳು ಹೇಳಿ, ಹೆಂಡತಿಯ ತಾಳಿ ಸರದಲ್ಲಿ ನೇತಾಡುತ್ತಿದ್ದ ಪಿನ್ನು ಈಸಿಕೊಂಡ. ತೋಟಕ್ಕೆ ಹೋಗಿ ಮೊದಲ ಆರು ಸಾಲಿನ ಡ್ರಿಪ್ಪರ್ ತೂತುಗಳನ್ನೆಲ್ಲ ಚುಚ್ಚಿ ಅಗಲ ಮಾಡಿದ. ನೀರು ಚಿಮ್ಮಿತು. ಅವನ ಜೀವಕ್ಕೆ ತಂಪಾಯಿತು.

ನೀರೆಲ್ಲ ಮೊದಲ ಸಾಲುಗಳಲ್ಲೇ ಸುರಿದುಹೋಗಿ, ಹತ್ತು ದಿನಕ್ಕೆ ಕೊನೆಯ ಸಾಲುಗಳ ಸೊಪ್ಪು ಜೋತುಬಿತ್ತು. ಮನೆಯಲ್ಲಿ ರೇಷ್ಮೆ ಹುಳುಗಳು ಆಗಷ್ಟೇ ನಾಲ್ಕನೇ ಜ್ವರದಿಂದ ಎದ್ದಿದ್ದವು. ಕೊನೆಯ ಪೊರೆ ಕಳಚಿದ ಹುಳು ಗೂಡು ಕಟ್ಟುವ ಮುಂಚೆ ಒಂದು ವಾರ ಬಕಾಸುರನಂತೆ ತಿನ್ನುತ್ತದೆ. ಚೆನ್ನಾಗಿದ್ದ ಸಾಲುಗಳ ಸೊಪ್ಪು ನಾಲ್ಕು ದಿನಕ್ಕೆ ಸಾಕು. ಆಮೇಲೆ ಹುಳು ಉಪವಾಸ, ಬೆಳೆ ಕೈಬಿಟ್ಟಂತೆ.

"ಪೈಪ್ ಹಾಕ್ದೋನು ಆ ಲೋಕೇಶ. ಇವತ್ತು ಅವನ ಮಾನ ಕಳೀತೀನಿ," ಎಂದು ವೆಂಕಟಲಕ್ಷ್ಮಮ್ಮ ಅಂಗಡಿಯ ಫೋನಿಗೆ ಹೊರಟಳು.

ಬೋರಲಿಂಗಯ್ಯನಿಗೆ ನಿಜಕ್ಕೂ ನಾಚಿಕೆಯಾಯಿತು. ಜೇಬಿನಿಂದ ಪಿನ್ನು ತೆಗೆದು ಮುಂದೆ ಹಿಡಿದ.

"ಅವನ್ದೇನೂ ತಪ್ಪಿಲ್ಲ ಕಣಮ್ಮಿ. ನಾನೇ ಚುಚ್ಬುಟ್ಟೆ. ನೀರು ಒಸಿ ಕಾಣ್ಲಿ ಅಂತ."

ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡು ನಿಂತ. ಅವಳು ಪಿನ್ನು ಕಿತ್ತುಕೊಂಡು ಸರಕ್ಕೆ ಸಿಕ್ಕಿಸಿ ಹೋಗಿ ಫೋನ್ ಮಾಡಿದಳು, ಆದರೆ ಲೋಕೇಶನನ್ನು ಬೈಯದೆ ಹೊಸ ಡ್ರಿಪ್ಪರ್ ತರಲು ಹೇಳಿದಳು. ಮಧ್ಯಾಹ್ನ ಲೋಕೇಶ ಬಂದು ಹೊಸ ಡ್ರಿಪ್ಪರ್ ಹಾಕಿದ. ಬೋರಲಿಂಗಯ್ಯ ಅವನ ಹಿಂದೆಯೇ ಬಗ್ಗಿ ಹಳೆಯದನ್ನು ಕೀಳುತ್ತಾ ಹೋದ.

ಮೂರನೇ ದಿನ ಕೊನೆಯ ಸಾಲಿನ ಸೊಪ್ಪು ನೆಟ್ಟಗೆ ನಿಂತಿತು. ಬೋರಲಿಂಗಯ್ಯ ಒಂದು ಗಿಡದ ಬುಡಕ್ಕೆ ಬೆರಳಿಟ್ಟ. ಮೇಲಿನ ಮಣ್ಣು ಒಣಗಿತ್ತು, ಒಳಗೆ ತಣ್ಣಗಿತ್ತು. ಬೆರಳು ತೆಗೆಯಲು ಅವನಿಗೆ ಮನಸ್ಸೇ ಬರಲಿಲ್ಲ.

ಹುಳುಗಳೆಲ್ಲ ಹಣ್ಣಾಗಿ ಗೂಡು ಕಟ್ಟಲು ಬಿದಿರು ತಟ್ಟೆಯ ಚಂದ್ರಿಕೆಗೆ ಏರಿದವು. ಆ ಸಂತೋಷದಲ್ಲಿ ಬರಿಗಾಲಲ್ಲಿ ತೋಟ ಸುತ್ತಿದವನಿಗೆ ಜಾಲಿ ಮುಳ್ಳು ಹೊಕ್ಕಿತು, ಈ ಸಲ ನಿಜವಾಗಿ. ಕುಂಟುತ್ತಾ ಬಂದು ಕೈ ಚಾಚಿದ.

"ಪಿನ್ನು ಕೈಗೆ ಕೊಡಾಕಿಲ್ಲ," ಎಂದು ವೆಂಕಟಲಕ್ಷ್ಮಮ್ಮ ಜಗಲಿಯ ಮೇಲೆ ಕುಳಿತಳು. "ಕಾಲು ಇಲ್ಲಿ ನೀಡಿ, ನಾನೇ ತೆಗೀತೀನಿ."