ಹನ್ನೆರಡು ನಿಮಿಷ

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ಕಾಯಿಸಿ ಗ್ಯಾಸ್ ಆರಿಸಿದೆ. 'ಆರಿಸಿದ್ಯಾ' ಎಂದು ಯಾರೂ ಕೇಳಲಿಲ್ಲ. ಮೂರು ವರ್ಷದಲ್ಲಿ ಅದೇ ಮೊದಲು. ಒದ್ದೆ ಕೈಯಲ್ಲಿ ಒಲೆಯ ಮುಂದೆ ನಿಂತೇ ಇದ್ದೆ.

"ಏನೇ, ಕಂಬ ಆಗ್ಬಿಟ್ಟಿದೀಯ?" ಅತ್ತೆ ಬಾಗಿಲಲ್ಲಿದ್ದರು.

"ಇವತ್ತು ಆ ಮೇಡಂ ಗಡಿಯಾರ ವಾಪಸ್ ಕೊಟ್ಟು ಬರ್ತೀನಿ ಅತ್ತೆ."

"ಕೊಡು, ಕೊಡು. ಅವಳ ಪಾಠ ಅವಳ ಹತ್ರಾನೇ ಇರ್ಲಿ. 'ಆರಿಸಿದೀನಿ ಕಣೋ' ಅಂತ ನನ್ನ ಮಗನಿಗೆ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಸ್ವಲ್ಪ ಹೊತ್ತಿಗೆ ಅವರೇ ತಟ್ಟೆ ತಂದು ಮುಂದಿಟ್ಟರು. "ತಿಂದು ಹೋಗು. ಬಿಸಿಲಲ್ಲಿ ಎಲ್ಲಾದ್ರೂ ಬಿದ್ದುಗಿದ್ದೀಯ."

ನನ್ನ ಗಂಡ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ. ಅವನಿಗೆ ಎರಡು ಕಾಯಿಲೆ ಒಟ್ಟಿಗೇ ಇದ್ದವು. ಬೇರೆಯವರಿಗೆ ಕೇಳದ ದನಿಯೊಂದು ಅವನಿಗೆ ಕೇಳುತ್ತಿತ್ತು. ಅದಕ್ಕೆ ಡಾಕ್ಟರ ಮಾತ್ರೆ. ಗ್ಯಾಸ್ ತೆರೆದೇ ಇದೆ, ತನ್ನಿಂದ ಇಡೀ ಕಟ್ಟಡ ಸುಟ್ಟುಹೋಗುತ್ತದೆ ಎಂಬ ಅನುಮಾನವೂ ಬಿಡುತ್ತಿರಲಿಲ್ಲ. ಅದಕ್ಕೆ ವಾರಕ್ಕೊಮ್ಮೆ ಆಪ್ತಸಮಾಲೋಚಕಿಯ ಜೊತೆ ಮಾತು.

"ನಾನು ಹೊಲಿಗೆ ಬಿಚ್ಚಿದ ಪುಸ್ತಕ. ಮೇಡಂ ಸದ್ಯ ಹಾಳೆ ಜೋಡಿಸ್ತಿದಾರೆ" ಎನ್ನುತ್ತಿದ್ದ.

ಅನುಮಾನಕ್ಕೆ ಅವನೇ ಗುಮಾಸ್ತ ಎಂದು ಹೆಸರಿಟ್ಟಿದ್ದ. ಕೊಟ್ಟ ಕಾಗದವನ್ನೇ ಮತ್ತೆ ಮತ್ತೆ ಕೇಳುವವನು. ದನಿಗೆ ಬಾಡಿಗೆದಾರ. "ಬಾಡಿಗೇನೂ ಕೊಡಲ್ಲ, ಖಾಲೀನೂ ಮಾಡಲ್ಲ."

ಆಪ್ತಸಮಾಲೋಚಕಿ ನನಗೂ ಪಾಠ ಹೇಳಿದ್ದರು. "ಗುಮಾಸ್ತ ಕೇಳಿದ್ರೆ ಉತ್ತರ ಕೊಡ್ಬೇಡಿ. ನೀವು 'ಆರಿಸಿದೀನಿ' ಅಂದಷ್ಟೂ ಅವನು ಕೊಬ್ತಾನೆ. ಬಾಡಿಗೆದಾರ ಆದ್ರೆ ಅವರನ್ನ ಒಬ್ಬರನ್ನೇ ಬಿಡ್ಬೇಡಿ, ನಂಗೆ ಫೋನ್ ಮಾಡಿ. ಮೊದಲು ಕೇಳ್ಬೇಕು, ಯಾರು ಮಾತಾಡ್ತಿರೋದು ಅಂತ. ಅದನ್ನ ಮಾತ್ರ ಮರೀಬೇಡಿ."

ಮೇಜಿನ ಖಾನೆಯಿಂದ ಕೀಲಿ ಕೊಡುವ ಹಳೆಯ ಸ್ಟಾಪ್‌ವಾಚ್ ತೆಗೆದು ಅವನಿಗೆ ಎರವಲು ಕೊಟ್ಟಿದ್ದರು. ಗುಮಾಸ್ತ ಬಂದಾಗ ಗುಂಡಿ ಒತ್ತಬೇಕು, ಒಲೆ ನೋಡಲು ಹೋಗದೆ ಕಾಯಬೇಕು. ಭಯ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಎರಡು ನಿಮಿಷದಿಂದ ಶುರುಮಾಡಿ ಹತ್ತಕ್ಕೆ ಬಂದಿದ್ದ. ಆ ವಾರದ ಗುರಿ ಹನ್ನೆರಡು.

ಆ ದಿನ ಬಸ್ ನಿಲ್ದಾಣದಲ್ಲಿ ಕೇಳಿದ, "ಆರಿಸಿದ್ಯಾ?"

ಸುಮ್ಮನಿದ್ದೆ. ಮತ್ತೆ ಕೇಳಿದ. ತಲೆ ತುಸು ವಾಲಿಸಿದ್ದ, ಏನನ್ನೋ ಆಲಿಸುವವನಂತೆ. ನಿಜವಾಗಿ ವಾಲಿಸಿದ್ದನೋ, ನನಗೆ ಈಗ ಹಾಗನ್ನಿಸುತ್ತಿದೆಯೋ. ಯಾರು ಮಾತಾಡ್ತಿರೋದು ಎಂದು ಕೇಳಬೇಕಿತ್ತು. ಅಷ್ಟರಲ್ಲಿ ನನ್ನ ಬಸ್ ಬಂತು. ಹತ್ತಿಬಿಟ್ಟೆ.

ಅವನು ಮನೆಯ ಕಡೆ ಓಡುತ್ತ ರಸ್ತೆ ದಾಟುವಾಗ ಲಾರಿ ಬಂತು. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಕನ್ನಡಕ, ಬೈಂಡಿನ ದಾರದುಂಡೆ, ಸ್ಟಾಪ್‌ವಾಚ್ ಇದ್ದವು. ವಾಚು ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಂತಿತ್ತು.

ಮನೆಯಲ್ಲಿ ಗ್ಯಾಸ್ ಆರಿಸಿಯೇ ಇತ್ತು.

ಅತ್ತೆ ಕೊಟ್ಟದ್ದು ತಿಂದು ಹೋಗಿ, ಆಪ್ತಸಮಾಲೋಚಕಿಯ ಕೋಣೆಯಲ್ಲಿ ಅವನ ಕುರ್ಚಿ ಬಿಟ್ಟು ನನ್ನ ಕುರ್ಚಿಯಲ್ಲಿ ಕೂತೆ. ವಾಚು ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು.

"ಗುಂಡಿ ಒತ್ತಿದಾರಲ್ಲ. ಗುಮಾಸ್ತ ಅಂದ್ಕೊಂಡೇ ಒತ್ತಿರೋದು. ನೀವು ಉತ್ತರ ಕೊಡದೇ ಇದ್ದದ್ದು ತಪ್ಪಲ್ಲ."

"ಮತ್ತೆ ಹನ್ನೆರಡರ ತನಕ ಯಾಕೆ ಕಾಯ್ಲಿಲ್ಲ?"

ಅವರು ಮತ್ತೆ ವಾಚಿನ ಕಡೆ ಬಗ್ಗಿದರು.

"ಮಧ್ಯದಲ್ಲಿ ಬಾಡಿಗೆದಾರ ಬಂದ್ನಾ?"

"ಗೊತ್ತಿಲ್ಲಮ್ಮ."

"ಯಾರು ಅಂತ ನಾನು ಕೇಳಿದ್ದಿದ್ರೆ ಹೇಳ್ತಿದ್ನಾ?"

"ಗೊತ್ತಿಲ್ಲ."

ಮತ್ತೆ ಅದನ್ನೇ ಕೇಳಿದೆ. ಮೂರನೆಯ ಸಲ ಅವರು ಉತ್ತರ ಕೊಡಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿ ನನ್ನ ಕಡೆ ಸರಿಸಿದರು. ಅರ್ಧ ನೀರು ಮೇಜಿನ ಮೇಲೆ ಚೆಲ್ಲಿತು. ಇಬ್ಬರೂ ಒರೆಸಲಿಲ್ಲ.

"ವಾಚು ನೀವೇ ಇಟ್ಕೊಳ್ಳಿ" ಎಂದರು.

"ಎರವಲು ತಂದದ್ದು ಮೇಡಂ."

ಬಾಗಿಲ ಹೊರಗೆ, ಬೆಂಚಿನ ಕಡೆಯಿಂದ ಹೆಣ್ಣು ದನಿಯೊಂದು ಕೇಳಿಸಿತು. "ನಲ್ಲಿ ನಿಲ್ಸಿದೀನಿ ಅಣ್ಣ. ನಿಂತಿದೆ. ನನ್ನಾಣೆಗೂ ನಿಂತಿದೆ."

ಆಪ್ತಸಮಾಲೋಚಕಿಯೂ ಬಾಗಿಲ ಕಡೆ ನೋಡಿದರು.

ಇನ್ನೊಂದು ಸಲ ಗುಂಡಿ ಒತ್ತಿದರೆ ಮುಳ್ಳುಗಳು ಸೊನ್ನೆಗೆ ಹೋಗುತ್ತವೆ. ಪಡೆದದ್ದನ್ನು ಹಾಗೆ ಸರಿಮಾಡಿ ಕೊಡುವುದು ಕ್ರಮ. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟೆ. ಆಗಲಿಲ್ಲ. ಹನ್ನೊಂದು ಇಪ್ಪತ್ತರಲ್ಲೇ ಅದನ್ನು ಅವರ ಅಂಗೈಯಲ್ಲಿಟ್ಟೆ.