ಮೆಡಿಕಲ್ ಮುಗಿಯೋತನಕ

ರಾಣೆಬೆನ್ನೂರಿನ ಇತಿಹಾಸ ಬರೆಯುವವರು ಯಾರಾದರೂ ಇದ್ದರೆ ಈ ಗಂಭೀರ ಸಂಗತಿಯನ್ನು ಖಂಡಿತ ಬಿಡಬಾರದು: ಶ್ರೀದೇವಿಯ ಎಡತೋಳಿನ ಮೇಲೆ ಮೂರು ಗುಂಡು ಕಲೆಗಳಿದ್ದವು. ಒಂದು, ಹುಟ್ಟಿದಾಗ ಸರ್ಕಾರ ಹಾಕಿಸಿದ ಬಿಸಿಜಿ ಲಸಿಕೆಯದು. ಉಳಿದೆರಡು ಗಂಡ ಶಶಿಕಾಂತನ ಸಿಗರೇಟಿನವು. ಅತ್ತೆ ಗದಿಗೆವ್ವನ ಪ್ರಕಾರ ಮಾತ್ರ ಮೂರೂ ‘ದೇವಿ ಹಾಕಿಸಿದ’ ಗುರುತುಗಳು. ತನ್ನ ಕಾಲದಲ್ಲಿ ಸಿಡುಬು ಬಾರದಂತೆ ಹಾಕುತ್ತಿದ್ದ ಲಸಿಕೆಗೆ ಆಕೆ ಬಲ್ಲ ಹೆಸರು ಅದೊಂದೇ. ಹಲಗೇರಿಯ ನೆಂಟರು ಕೇಳಿದಾಗ ಸೆರಗು ಸರಿಸಿ ತನ್ನ ತೋಳನ್ನೇ ಸಾಕ್ಷಿಗೆ ನಿಲ್ಲಿಸುತ್ತಿದ್ದಳು:

“ನನಗೂ ಅದಾವ ನೋಡ್ರಿ, ಎರಡು. ಇಕಿಗೆ ಒಂದು ಹೆಚ್ಚು. ಗಟ್ಟಿಮುಟ್ಟ ಇರ್ಲಿ ಅಂತ ಹಾಕಿಸ್ಯಾರ.”

ಶ್ರೀದೇವಿ ನರ್ಸ್. ಊರಿನ ಅರ್ಧ ಮಕ್ಕಳಿಗೆ ಲಸಿಕೆ ಹಾಕಿದ ಕೈ ಅವಳದು. ದೇವಿ ಹಾಕುವುದು ತಾನು ಹುಟ್ಟುವ ಮೊದಲೇ ನಿಂತುಹೋಗಿತ್ತೆಂದು ಅವಳಿಗೆ ಚೆನ್ನಾಗಿ ಗೊತ್ತು. ಅತ್ತೆಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಆ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಅಮೆರಿಕದ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಗಂಡನೂ ಮಗಳು ಸ್ನೇಹಾಳೂ ಜತೆಗೆ ಹೋಗಿ ಅಲ್ಲೇ ನೆಲೆಸಬಹುದು ಎಂದು ತಿಳಿದದ್ದೇ ತಡ, ಶಶಿಕಾಂತ ತನ್ನ ಬೀಜ-ಗೊಬ್ಬರದ ಅಂಗಡಿಯ ಗಲ್ಲಾದ ಮುಂದೆ ಕೂತೇ ಅಮೆರಿಕದವನಾಗಿಬಿಟ್ಟ. ಹಾವೇರಿಯಲ್ಲಿ ವೀಸಾ ಕೆಲಸ ಮಾಡಿಕೊಡುವ ಜಾಕೀರ್ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದ:

“ಲಸಿಕೆ ಎಲ್ಲಾ ಊರಾಗ ಹಾಕಿಸ್ಕೊಳ್ರಿ. ಆಮ್ಯಾಲೆ ಬೆಂಗಳೂರಾಗ ಮೆಡಿಕಲ್. ಅಂಗಿ ತಗಸಿ ಮೈಯೆಲ್ಲಾ ನೋಡ್ತಾರ. ಮತ್ತ ಶಶಿಯಣ್ಣಾ, ಇದು ನಿಮಗಂತ ಅಲ್ಲ, ಎಲ್ಲಾರಿಗೂ ಹೇಳೂದು. ಹೊಡಿಯೂ ಚಟ ಐತಿ ಅಂತ ಡಾಕ್ಟರ್ ಬರದ್ರ, ಹೊಡಿಯಾಂವನ ವೀಸಾ ಅಲ್ಲೇ ಖಲಾಸ್.”

“ಉಳದವರದು?” ಎಂದಳು ಶ್ರೀದೇವಿ.

“ಉಳದವರು ಹೋಗಬಹುದ್ರೀ ಅಕ್ಕಾರ.”

ಇಷ್ಟು ಸಣ್ಣ ಪ್ರಶ್ನೆಗೆ ಹಾವೇರಿ ಬಸ್ ಸ್ಟ್ಯಾಂಡಿನ ಹಿಂದೆ ಅವಳ ಕೆಳತುಟಿ ಸೀಳಿಹೋಯಿತು. ಮನೆ ಮುಟ್ಟಿದ ಮೇಲೆ ಶಶಿಕಾಂತ ಘೋಷಣೆ ಮಾಡಿದ:

“ಇದೇ ಕಡೀದು. ಮೆಡಿಕಲ್ ಮುಗಿಯೋತನಕ ನಿನ್ನ ಮುಟ್ಟೂದಿಲ್ಲ. ಮುಗದ ಮ್ಯಾಲೆ ಐತಿ ನಿನಗ.”

ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ. ಹೆಂಡತಿಯಿಂದ ಬಿಡುವು ಸಿಕ್ಕ ಕೈಯನ್ನು ಬೇರೆ ಕಡೆ ದುಡಿಸಿದ. ತಮ್ಮ ಪ್ರವೀಣಕುಮಾರ ಅಂಗಡಿಗೆ ತಡವಾಗಿ ಬಂದದ್ದಕ್ಕೆ ಅವನ ಎರಡು ಹಲ್ಲು ತಕ್ಕಡಿಯ ತಟ್ಟೆಗೆ ಬಿದ್ದವು. ಬ್ಯಾಡಗಿ ಮಾರುಕಟ್ಟೆಯಲ್ಲಿ ದಾರಿ ಬಿಡದ ಟೆಂಪೋ ಡ್ರೈವರನ ಕುತ್ತಿಗೆ ಹಿಡಿದು, ಮುಖವನ್ನು ಮೆಣಸಿನಕಾಯಿ ರಾಶಿಯೊಳಗೆ ತುರುಕಿ ಮೊಣಕಾಲಿನಿಂದ ಒತ್ತಿದ. ಆತನ ಚೀರಾಟಕ್ಕೆ ವ್ಯಾಪಾರ ಅರೆಗಳಿಗೆ ನಿಂತು ಮತ್ತೆ ಸಾಗಿತು. ಮನೆಯ ನಾಯಿ ಒಂದು ಸಂಜೆ ಒಂದೇ ಒದೆತಕ್ಕೆ ಸತ್ತಿತು.

“ಖರೇ ಸುಧಾರಿಸ್ಯಾನ ನನ್ನ ಮಗ,” ಎಂದು ಗದಿಗೆವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. “ಹೆಂಡ್ತಿ ಮೈಮ್ಯಾಲೆ ಒಂದು ಗೆರಿ ತೋರಸ್ರಿ ನೋಡೋಣ.”

ಇಂಥ ಶಶಿಕಾಂತನಿಗೆ ಸೂಜಿಯೆಂದರೆ ಪ್ರಾಣಭಯ. ಲಸಿಕೆಯ ದಿನ ಶ್ರೀದೇವಿಯ ಆಸ್ಪತ್ರೆಯ ಮಂಚದ ಮೇಲೆ ಕೂತು ಬೆವರಿದ.

“ಯಾವ ಸೂಜಿ ಇದು?”

“ಗೊಬ್ಬರದ್ರಿ.” ದಡಾರಕ್ಕೆ ಆ ಕಡೆ ಜನ ಅನ್ನುವುದು ಹಾಗೆಯೇ.

“ಊರಿಗೆಲ್ಲಾ ಗೊಬ್ಬರ ಮಾರಾಂವ ನಾನು. ನನಗ ಗೊಬ್ಬರ ಹಾಕ್ತಿ?”

“ಹಾಕಿದ್ರರ ಸ್ವಲ್ಪ ಬೆಳೀತೀರಿ, ಅಣ್ಣಾರ,” ಎಂದಳು ಟ್ರೇ ಹಿಡಿದು ನಿಂತಿದ್ದ ನರ್ಸ್ ತಸ್ಲೀಮ್.

“ಯಾವ ತೋಳಿಗೆ ಹಾಕ್ಲಿರಿ?” ಶ್ರೀದೇವಿ ಕೇಳಿದಳು.

“ಎಡಕ್ಕ ಹಾಕು. ಬಲಗೈ ಬೇಕು ನನಗ.”

ಸೂಜಿ ತಾಗಿದ್ದೇ ಆ ಬಲಗೈ ಬೀಸಿಬಂತು. ಹೆಂಡತಿಯ ಮುಖದವರೆಗೆ ಬಂದು, ಕೊಟ್ಟ ಮಾತು ನೆನಪಾಗಿ, ದಾರಿ ಬದಲಿಸಿ ಸ್ಟೀಲ್ ಟ್ರೇಗೆ ಬಡಿಯಿತು. ಟ್ರೇಯ ಅಂಚು ತಸ್ಲೀಮಳ ಹುಬ್ಬನ್ನು ಸೀಳಿತು. ಅವನು ಹೊರಗೆ ಹೋದ ಮೇಲೆ ಶ್ರೀದೇವಿ ಗಾಯಕ್ಕೆ ಹೊಲಿಗೆ ಹಾಕಿದಳು.

“ಅಕ್ಕಾ,” ಎಂದಳು ತಸ್ಲೀಮ್ ಹಲ್ಲು ಕಚ್ಚಿಕೊಂಡು, “ಇಂಥಾವನ್ನ ಅಲ್ಲೀತನಕ ಹೊತಗೊಂಡು ಹೊಂಟೀಯೇನ?”

ಶ್ರೀದೇವಿ ದಾರ ಕತ್ತರಿಸಿದಳು.

ಬೆಂಗಳೂರಿನಲ್ಲಿ ಮೂವರದೂ ರಕ್ತ ತೆಗೆದದ್ದಾಯಿತು, ಎಕ್ಸ್‌ರೇ ಆಯಿತು. ಸ್ನೇಹಾಳ ತಪಾಸಣೆಯೂ ಮುಗಿಯಿತು. ಶಶಿಕಾಂತ ಹೊರಗಿನ ಕುರ್ಚಿಯಲ್ಲಿ ಬೆರಳಿನ ನಟಿಕೆ ಮುರಿಯುತ್ತ ಕೂತಿದ್ದ. ಒಳಗೆ ಡಾಕ್ಟರಮ್ಮ ಶ್ರೀದೇವಿಯ ತೋಳನ್ನು ಬೆಳಕಿಗೆ ತಿರುಗಿಸಿದರು.

“ಇವೇನಮ್ಮ?”

“ದೇವಿ ಹಾಕ್ಸಿದ್ದು ಅಂತ ಮನ್ಯಾಗ ಅಂತಾರ್ರಿ.”

“ನೀವು ನರ್ಸ್ ಅಲ್ವಾ? ಹುಟ್ಟಿದ್ದು ಎಂಬತ್ತೆಂಟರಲ್ಲಿ. ಅಷ್ಟೊತ್ತಿಗೆ ಆ ಲಸಿಕೆ ಎಲ್ಲಿತ್ತು?” ಡಾಕ್ಟರಮ್ಮ ದನಿ ಇಳಿಸಿದರು. “ಯಾರು ಸುಟ್ಟಿದ್ದು?”

ಶ್ರೀದೇವಿ ಬಾಗಿಲ ಕಡೆ ನೋಡಿದಳು. ತಾನು ಹೌದೆಂದರೆ ಗಂಡ ಅಲ್ಲವೆನ್ನುತ್ತಾನೆ, ಅತ್ತೆ ಫೋನಿನಲ್ಲೇ ತೋಳು ತೋರಿಸುತ್ತಾಳೆ.

“ಹಳೇ ಕಲೆ ನೋಡ್ಕೊಂಡು ನಾನೇನೂ ಬರೆಯೋಕಾಗಲ್ಲ. ನೀವು ಬಾಯಿಬಿಟ್ಟು ಹೇಳ್ಬೇಕು, ಇಲ್ಲಾ ನಾನೇ ಕಣ್ಣಾರೆ ನೋಡ್ಬೇಕು. ಯಜಮಾನ್ರನ್ನ ಕಳಿಸಿ, ಅವರನ್ನೂ ಮಾತಾಡಿಸಿ ಸಹಿ ಹಾಕ್ತೀನಿ.”

ಶ್ರೀದೇವಿ ಹೊರಗೆ ಬಂದಳು. ಬಾಗಿಲನ್ನು ಪೂರ್ತಿ ತೆರೆದೇ ಬಿಟ್ಟಳು.

“ಸ್ನೇಹಾ, ಬಾಟ್ಲಿಗೆ ನೀರು ತುಂಬಿಸ್ಕೊಂಡು ಬಾ, ಹೋಗವ್ವಾ.”

ಮಗಳು ಮೆಟ್ಟಿಲಿಳಿಯುವತನಕ ಕಾದಳು.

“ಮುಗೀತೇನು?” ಶಶಿಕಾಂತ ಎದ್ದು ನಿಂತ.

“ಮುಗೀತ್ರಿ.”

“ಎಲ್ಲಾ?”

“ಎಲ್ಲಾ. ನಿಮ್ಮದು ರಕ್ತ, ಎಕ್ಸ್‌ರೇ ಸಾಕಂತ. ಉಳದವರದೇನು ಅಂತ ಇನ್ನೊಮ್ಮೆ ಕೇಳಿ ಬಂದೆ.”

ಅವನು ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಮುಖವನ್ನು ಗೋಡೆಗೆ ಬಡಿದ. ಮೂಗು ಒಡೆದ ಸದ್ದು ಕಾರಿಡಾರಿಗೆಲ್ಲ ಕೇಳಿಸಿತು. ಬಿಳಿ ಗೋಡೆಯ ಮೇಲೆ ರಕ್ತ ಅಂಗೈಯಗಲ ಚಿಮ್ಮಿತು. ಎರಡನೆಯ ಸಲ ಬಡಿದ. ಅವಳು ಕುಸಿದಾಗ ಪಕ್ಕೆಗೆ ಬೂಟುಗಾಲಿನಿಂದ ಒದ್ದ. ಬಿಡಿಸಲು ಬಂದ ಗಾರ್ಡಿನ ಗಂಟಲಿಗೂ ಒಂದು ಗುದ್ದು ಬಿತ್ತು. ತಲೆಯೆತ್ತಿದರೆ ಬಾಗಿಲಲ್ಲಿ ಡಾಕ್ಟರಮ್ಮ.

“ಇದು ನಮ್ಮ ಮನಿ ಮಾತ್ರಿ,” ಎಂದ ಶಶಿಕಾಂತ ಏದುಸಿರಿನಲ್ಲಿ. “ಮೆಡಿಕಲ್ ಮುಗದೈತೆಲ್ಲ?”

“ಇಲ್ಲ,” ಎಂದರು ಡಾಕ್ಟರಮ್ಮ. “ನಿಮ್ಮದು ಈಗ ನಡೀತಿದೆ.”

ಶ್ರೀದೇವಿಯ ಮೂಗಿನ ಮೂಳೆ ಎರಡು ಕಡೆ ಮುರಿದಿತ್ತು. ತಾಯಿಗೂ ಮಗಳಿಗೂ ವೀಸಾ ಬಂತು. ಶಶಿಕಾಂತನಿಗೆ ಬರಲಿಲ್ಲ.