ಟೇಪಣ್ಣನ ಸೊಂಟದ ಅಳತೆ

ಗಂಡನ ಅಂಗಿಯ ಆ ಗುಂಡಿ ಮತ್ತೆ ಕಿತ್ತು ಬಂದಿತ್ತು. ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಕೂರಿಸುವುದು, ಅಂಚು ಮಡಿಸುವುದು ಹೆಂಡತಿಯ ಕೆಲಸ. ಬೇರೆಯವರ ಅಂಗಿಗೆ ಎರಡೆಳೆ ದಾರ ಸಾಕು. ಗಂಡನ ಆ ಒಂದು ಗುಂಡಿಗೆ ನಾಲ್ಕೆಳೆ ಹಾಕಿದರೂ ನಿಲ್ಲುತ್ತಿರಲಿಲ್ಲ. ಸರಿಯಾಗಿ ಹೊಟ್ಟೆಯ ಮೇಲೆ ಕೂರುವ ಗುಂಡಿ ಅದು.

“ರೀ, ಇದು ದಾರದ ತಪ್ಪಲ್ಲ. ನಿಮ್ಮ ಹೊಟ್ಟೆ ಬೆಳೀತಾ ಇದೆ.”

“ಸುಮ್ನಿರೇ. ಮದುವೆ ಆದಾಗಿಂದ ನನ್ನ ಸೊಂಟ ಮೂವತ್ತಾರೇ. ಅಳೆಯೋನು ನಾನಾ, ನೀನಾ?”

ಬೀದಿಯವರಿಗೆಲ್ಲ ಅವನು ಟೇಪಣ್ಣ. ಕೊರಳಿನ ಟೇಪು ಊಟದ ಹೊತ್ತಿನಲ್ಲೂ ಇಳಿಯುತ್ತಿರಲಿಲ್ಲ. ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿದ ಮೇಲೆ ಕಾಲಾಡಿಸುವ ಕೆಲಸವೂ ತಪ್ಪಿತ್ತು. ಕೂತಲ್ಲಿಗೇ ಸಿಹಿ ಟೀ, ಟೀ ಜೊತೆಗೆ ಏನಾದರೂ ಕರಿದದ್ದು.

ಅವನ ಪಕ್ಕದಲ್ಲಿ ಇನ್ನೊಂದು ಮಿಷನ್, ಬಟ್ಟೆ ಹೊದಿಸಿದ್ದು. ಅದು ಅವನ ಅಣ್ಣನದು. ಹೋದ ವರ್ಷ ಆ ಅಣ್ಣ ಅದರ ಮೇಲೆ ತಲೆಯಿಟ್ಟವರು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ಅಂಗಿಯ ತೋಳು ಹಾಗೆಯೇ ಇತ್ತು. ಅವರದೂ ಇದೇ ಹೊಟ್ಟೆ, ಇದೇ ಮಾತು.

ಈಚೆಗೆ ಗಂಡ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದ, ಗೋಡೆಯ ಬಣ್ಣ ನೋಡುವವನ ಹಾಗೆ. ಏದುಸಿರು ಅವಳಿಗೆ ಕೇಳುತ್ತಿತ್ತು. ಅವಳ ಕಣ್ಣಿಗೆ ಆ ಅರ್ಧ ತೋಳು ಕಟ್ಟಿದಂತಾಗುತ್ತಿತ್ತು.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ಸಮವಸ್ತ್ರ ಹೊಲಿಸಲು ಬಂದರು. ಹೆಂಡತಿ ತಡೆಯಲಾರದೆ ಗುಂಡಿಯ ಕಥೆ, ಮೆಟ್ಟಿಲ ಕಥೆ ಎರಡನ್ನೂ ಹೇಳಿಬಿಟ್ಟಳು.

“ಸಂಸಾರಸ್ಥನ ಹೊಟ್ಟೆ ಸಿಸ್ಟರ್,” ಗಂಡ ನಕ್ಕ. “ಹೆಂಡತಿ ಚೆನ್ನಾಗಿ ಊಟ ಹಾಕ್ತಾಳೆ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಡ್ವಾ? ನೋಡಿ, ಮೂವತ್ತಾರು!” ಟೇಪು ಸುತ್ತಿ ತೋರಿಸಿಯೂ ಬಿಟ್ಟ.

“ಎಲ್ಲಿ ಸುತ್ತಿದ್ರಿ ಅಣ್ಣ? ಅದು ಪ್ಯಾಂಟು ನಿಲ್ಲೋ ಜಾಗ. ಹೊಟ್ಟೆ ಅದರ ಮೇಲೆ ಕೂತಿದೆಯಲ್ಲ.”

ಹೆಂಡತಿಯ ಕೈ ನಿಂತುಹೋಯಿತು. ಹೊಟ್ಟೆ ಬಂದವರಿಗೆ ಅದರ ಕೆಳಗೇ ಟೇಪು ಸುತ್ತುವುದು ಆ ಅಂಗಡಿಯ ಮರ್ಯಾದೆ. ಗಿರಾಕಿಯ ಮನಸ್ಸು ನೋಯಬಾರದಲ್ಲ. ತನಗೂ ಅವನು ಅದೇ ಮರ್ಯಾದೆ ತೋರಿಸಿಕೊಂಡು ಬಂದಿದ್ದ. ಹೊಟ್ಟೆ ಮುಂದೆ ಬಂದಂತೆಲ್ಲ ಪ್ಯಾಂಟು ಕೆಳಗೆ ಜಾರಿತ್ತು, ಅಂಕಿ ಮಾತ್ರ ಅಲ್ಲೇ ಉಳಿದಿತ್ತು.

“ಟೇಪು ಆ ಕಡೆ ಇಡಿ. ಅದಕ್ಕೆ ನೀವು ಹೇಳಿದಂಗೆ ಕೇಳಿ ಕೇಳಿ ಅಭ್ಯಾಸ ಆಗಿದೆ. ಅಕ್ಕ, ಸ್ವಲ್ಪ ದಾರ ಕೊಡಿ.”

ನರ್ಸಮ್ಮ ಅವನ ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಕತ್ತರಿಸಿದರು. ಅದನ್ನು ಸರಿಯಾಗಿ ಅರ್ಧಕ್ಕೆ ಮಡಿಸಿದರು. “ಉಸಿರು ಬಿಟ್ಟು ಸುಮ್ನೆ ನಿಂತ್ಕೊಳ್ಳಿ. ಹೊಟ್ಟೆ ಒಳಗೆ ಎಳ್ಕೊಂಡ್ರೆ ಮೋಸ ನಿಮಗೇ.” ಹೊಕ್ಕಳಿನ ಸ್ವಲ್ಪ ಮೇಲೆ ಸುತ್ತಿದರು. ಎರಡು ತುದಿ ಸೇರಬೇಕಿತ್ತು. ನಡುವೆ ಒಂದು ಅಂಗೈಯಷ್ಟು ಅಗಲ ಬಿಟ್ಟುಹೋಯಿತು.

“ಎತ್ತರದ ಅರ್ಧಕ್ಕಿಂತ ಹೊಟ್ಟೆ ಸುತ್ತಳತೆ ಕಡಿಮೆ ಇರ್ಬೇಕು ಅಣ್ಣ. ಇದು ಬರೀ ಹೊರಗೆ ಕಾಣೋ ಕೊಬ್ಬಲ್ಲ. ಒಳಗೆ ಲಿವರ್, ಕರುಳು ಎಲ್ಲದರ ಸುತ್ತ ಕೂತಿರತ್ತೆ. ಬಿಪಿ, ಶುಗರ್, ಹೃದಯದ ಕಾಯಿಲೆ ಬರೋ ಅಪಾಯ ಇದರಿಂದ ಹೆಚ್ಚಾಗತ್ತೆ.”

“ನಮ್ಮ ವಂಶಾನೇ ಹಂಗೆ ಸಿಸ್ಟರ್. ನಮ್ಮಣ್ಣನಿಗೂ...” ಅವನ ಕಣ್ಣು ಹೊದಿಸಿದ ಮಿಷನ್ ಕಡೆ ಹೋಯಿತು. “ಅವನಿಗೂ ನಾನು ಟೇಪು ಕೆಳಗೇ ಸುತ್ತುತ್ತಿದ್ದೆ.”

“ಹೊಟ್ಟೆ ಒಂದರಿಂದಲೇ ಅವರು ಹೋದ್ರು ಅಂತ ನಾನು ಹೇಳಲ್ಲ,” ನರ್ಸಮ್ಮ ಮೆಲ್ಲಗೆ ಅಂದರು. “ಆದ್ರೆ ನಿಮ್ಮದನ್ನ ಈಗ್ಲೇ ನೋಡ್ಕೋಬಹುದು.”

“ದಪ್ಪ ಬಟ್ಟೆದು ಒಂದು ಪಟ್ಟಿ ಹೊಲ್ಕೊಂಡು ಬಿಗಿಯಾಗಿ ಕಟ್ಟಿದ್ರೆ?”

“ದಿಂಬಿಗೆ ಪಟ್ಟಿ ಕಟ್ಟಿದ್ರೆ ಒಳಗಿನ ಹತ್ತಿ ಕಡಿಮೆ ಆಗತ್ತಾ? ಹೊಟ್ಟೆ ಒಂದನ್ನೇ ಕರಗಿಸೋಕೆ ಯಾವ ಕಸರತ್ತೂ ಇಲ್ಲ. ಇಡೀ ಮೈ ಕೊಬ್ಬು ಇಳಿದ್ರೆ ಅದೂ ಇಳಿಯತ್ತೆ. ನಾಳೆ ಬಂದು ಡಾಕ್ಟರ್‌ಗೆ ತೋರಿಸಿ, ನಿಮಗೆ ಉಸಿರು ಕಟ್ಟತ್ತಲ್ಲ. ಅವರು ಸರಿ ಅಂದ ಮೇಲೆ ದಿನಾ ಅರ್ಧ ಗಂಟೆ ಚುರುಕಾಗಿ ನಡೀರಿ. ಉಪವಾಸ ಬೀಳಬೇಡಿ. ತಟ್ಟೇಲಿ ಅರ್ಧ ಭಾಗ ಸೊಪ್ಪು ತರಕಾರಿ ಇರ್ಲಿ, ಕಾಳು ಇರ್ಲಿ. ಸಕ್ಕರೆ, ಕರಿದದ್ದು ಇಳಿಸಿ. ಮಲಗೋಕೆ ಎರಡು ಮೂರು ಗಂಟೆ ಮುಂಚೆ ಊಟ ಮುಗಿಸಿ.”

ಡಾಕ್ಟರ್ ನೋಡಿದಾಗ ಬಿಪಿ ಏರಿತ್ತು. ಮಾತ್ರೆ ಕೊಟ್ಟರು, ನಿಧಾನವಾಗಿ ನಡಿಗೆ ಶುರುಮಾಡಲು ಹೇಳಿದರು.

ಮೊದಮೊದಲು ಮನೆಯಲ್ಲಿ ಕಿರಿಕಿರಿ. “ದನಕ್ಕೆ ಹಾಕೋದನ್ನ ನನಗೆ ಹಾಕ್ತೀಯಲ್ಲೇ!”

“ದನ ಮೆಟ್ಟಿಲ ಮಧ್ಯ ನಿಂತು ಗೋಡೆ ನೋಡಲ್ಲ. ತಿನ್ನಿ.”

ಅವನು ತಿಂದ. ಅವಳೂ ಅದನ್ನೇ ತಿಂದಳು, ಜೊತೆಗೆ ನಡೆದಳು. ಅವಳ ಎತ್ತರಕ್ಕೆ ಹಿಡಿದು ಮಡಿಸಿದ ದಾರದ ತುದಿಯೂ ಕಷ್ಟಪಟ್ಟು ಮುಟ್ಟಿತ್ತು. ಇಸ್ತ್ರಿ ಮೇಜನ್ನು ಅವನೇ ಆಚೆ ಗೋಡೆಗೆ ಸರಿಸಿದ, ಪ್ರತಿ ಸಲ ಏಳಲೇಬೇಕು ಅಂತ. ತನ್ನ ಅಳತೆಯ ದಾರವನ್ನು ಎಸೆಯಲಿಲ್ಲ. ಅಣ್ಣನ ಮಿಷನ್ನಿನ ಹೊದಿಕೆ ತೆಗೆದು, ದಾರದುಂಡೆ ಇಡುವ ಕಡ್ಡಿಗೆ ಸುತ್ತಿಟ್ಟ.

ತಿಂಗಳುಗಳು ಕಳೆದಿವೆ. ತುದಿಗಳು ಇನ್ನೂ ಸೇರಿಲ್ಲ, ಎರಡು ಬೆರಳಿನಷ್ಟು ಬಾಕಿ ಇದೆ. ಮಾತ್ರೆ ನಡೆಯುತ್ತಿದೆ. ಗುಂಡಿ ನಿಂತಿದೆ. ಮೆಟ್ಟಿಲಿನ ಗೋಡೆಯ ಬಣ್ಣ ನೋಡಲು ಈಗ ಯಾರೂ ನಿಲ್ಲುವುದಿಲ್ಲ. ಪ್ಯಾಂಟು ಹೊಲಿಸಲು ಬಂದವರನ್ನು ಟೇಪಣ್ಣ ಮೆಲುದನಿಯಲ್ಲಿ ಕೇಳುತ್ತಾನೆ: “ಹೊಕ್ಕಳಿನ ಮೇಲೂ ಒಂದ್ಸಲ ಸುತ್ತಲಾ? ಇದು ಹೊಲಿಗೆಗಲ್ಲ, ನಿಮಗೆ.”

ಇದನ್ನು ಓದಿದ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದೆಳೆ ದಾರ ಇದ್ದೇ ಇರುತ್ತದೆ. ನಿಮ್ಮ ಎತ್ತರಕ್ಕೆ ಹಿಡಿದು, ಅರ್ಧಕ್ಕೆ ಮಡಿಸಿ, ಹೊಟ್ಟೆಗೆ ಸುತ್ತಿ ನೋಡಿ. ತುದಿ ಮುಟ್ಟದಿದ್ದರೆ ನಾಚಿಕೆ ಬೇಡ, ಬಚ್ಚಿಡುವುದೂ ಬೇಡ. ಮನೆಯವರಿಗೆ ತೋರಿಸಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಮ್ಮ ಮೆಟ್ಟಿಲ ಕೆಳಗೂ ಒಬ್ಬರು ನಿಂತು, ನಿಮ್ಮ ಉಸಿರು ಕೇಳುತ್ತಾ ಇರುತ್ತಾರೆ.